ಪೊಟ್ಟಣದ ಹಿಂಬದಿ ನೋಡಿ

ಮುಂಗಾರು ಹತ್ತಿರವಾದರೆ ಸಾಕು, ಮೊಬೈಲ್ ತುಂಬ ತರಕಾರಿ ಬೀಜಗಳ ಜಾಹೀರಾತು. ನೀಲಿ ಟೊಮೆಟೊ ಕೂಡ ಸಿಗುತ್ತದಂತೆ! ಕೊಳ್ಳುವವರು ಚಿತ್ರ ನೋಡುತ್ತಾರೆ, ನೋಡಬೇಕಾದದ್ದು ಚೀಟಿ. 1966ರ ಬೀಜ ಕಾಯ್ದೆಯ ಪ್ರಕಾರ ಅಧಿಸೂಚಿತ ತಳಿಗಳ ಪೊಟ್ಟಣದ ಮೇಲೆ ಮೊಳಕೆ ಪ್ರಮಾಣ, ಪರೀಕ್ಷೆಯ ದಿನಾಂಕ ಇರಲೇಬೇಕು. ಟೊಮೆಟೊ, ಬದನೆಗೆ ಕನಿಷ್ಠ ಶೇ 70, ಬೆಂಡೆಗೆ ಶೇ 65, ಮೆಣಸಿನಕಾಯಿಗೆ ಶೇ 60. ಈರುಳ್ಳಿ ಬೀಜವಂತೂ ವರ್ಷ ದಾಟಿದರೆ ನೆಚ್ಚುವಂತಿಲ್ಲ.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೇ ಆನ್‌ಲೈನ್‌ನಲ್ಲಿ ಬೀಜ ಮಾರುತ್ತಿರುವಾಗ ಊರು ಹೆಸರಿಲ್ಲದ ಅಂಗಡಿಗಳಿಗೆ ದುಡ್ಡು ಸುರಿಯುವುದೇಕೆ? ಅಲ್ಲಿಯ ಅರ್ಕಾ ಅನಾಮಿಕಾ ಬೆಂಡೆಯ ಬೀಜ ಎತ್ತಿಟ್ಟು ಮತ್ತೆ ಬಿತ್ತಬಹುದು. ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್. ಪ್ರತಿ ಸಲ ಹೊಸದಾಗಿ ಕೊಳ್ಳಬೇಕು.

ಸಸಿಗಳನ್ನು ಮಾತ್ರ ಕೊರಿಯರ್‌ನಲ್ಲಿ ತರಿಸದಿರುವುದೇ ಮೇಲು. ಕತ್ತಲ ಡಬ್ಬದಲ್ಲಿ ದಿನಗಟ್ಟಲೆ ಕಳೆದ ಎಳೆ ಗಿಡ ಬಿಳಿಚಿಕೊಂಡು ಸೋತಿರುತ್ತದೆ. ಹತ್ತಿರದ ನರ್ಸರಿಗೆ ಹೋಗಿ ಬೇರು ನೋಡಿ ತನ್ನಿ.

ಪೊಟ್ಟಣ, ರಸೀದಿ ಎಸೆಯಬೇಡಿ; ಬೀಜ ಕೈಕೊಟ್ಟರೆ ದೂರು ಕೊಡಲು ಬೇಕಾಗುತ್ತವೆ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ.