ಬಿಸಿಲೂರಿನಲ್ಲಿ ಬಡವಾದ ಮೂಳೆ: ಸಂಘಗಳು ಗಮನಿಸಲಿ

ದೆಹಲಿಯಲ್ಲಿ ಬಿಸಿಲಿಗೆ ಬರವಿಲ್ಲ. ಮೇ ತಿಂಗಳ ಬಿಸಿಲನ್ನು ಬೈಯದ ಕನ್ನಡಿಗ ರಾಜಧಾನಿಯಲ್ಲಿ ಸಿಗುವುದು ಕಷ್ಟ. ಇಂಥ ಊರಿನಲ್ಲಿ, ಬಿಸಿಲಿನ ನೆರವಿನಿಂದ ಚರ್ಮವೇ ತಯಾರಿಸುವ ವಿಟಮಿನ್ 'ಡಿ'ಗೆ ಕೊರತೆ ಎಂದರೆ ಹಿಂದೆ ಯಾರೂ ನಂಬುತ್ತಿರಲಿಲ್ಲ. ಅದನ್ನು ರಕ್ತಪರೀಕ್ಷೆಯ ಆಧಾರದಿಂದ ತೋರಿಸಿಕೊಟ್ಟವರಲ್ಲಿ ಏಮ್ಸ್ ಸಂಸ್ಥೆಯ ಹಾರ್ಮೋನು ತಜ್ಞ ಡಾ. ರವೀಂದರ್ ಗೋಸ್ವಾಮಿ ಪ್ರಮುಖರು.

2000ನೇ ಇಸವಿಯಲ್ಲಿ ಅವರು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ ಪರೀಕ್ಷೆಗೆ ಒಳಗಾದವರು ರೋಗಿಗಳಲ್ಲ, ಆರೋಗ್ಯವಂತರು. ಸೈನಿಕರು, ವೈದ್ಯರು, ದಾದಿಯರು, ಗರ್ಭಿಣಿಯರು ಅದರಲ್ಲಿದ್ದರು. ಬಯಲಿನಲ್ಲಿ ದುಡಿಯುವ ಸೈನಿಕರ ಮಟ್ಟ ಉತ್ತಮವಾಗಿತ್ತು. ಆಸ್ಪತ್ರೆಯೊಳಗೆ ದಿನ ಕಳೆಯುವವರಲ್ಲಿ ಕೊರತೆ ಎದ್ದು ಕಂಡಿತು. ಔಷಧ ಬರೆದುಕೊಡುವವರಿಗೇ ಔಷಧ ಬೇಕಾಗಿತ್ತು!

ಈ ಕೊರತೆಯಿಂದ ಆಗುವುದೇನು? ಮೂಳೆಯನ್ನು ಕ್ಯಾಲ್ಸಿಯಂನ ಠೇವಣಿ ಎನ್ನಬಹುದು. ವಿಟಮಿನ್ 'ಡಿ' ಇಲ್ಲದಿದ್ದರೆ ಊಟದ ಕ್ಯಾಲ್ಸಿಯಂ ದೇಹಕ್ಕೆ ಸರಿಯಾಗಿ ಜಮೆಯಾಗುವುದಿಲ್ಲ. ಆಗ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು ಹೆಚ್ಚಿ, ರಕ್ತಕ್ಕೆ ಬೇಕಾದುದನ್ನು ಮೂಳೆಯಿಂದ ಹಿಂಪಡೆಯುತ್ತದೆ. ಹೊರಗೆ ಏನೂ ಕಾಣದು, ಒಳಗೆ ಠೇವಣಿ ಕರಗುತ್ತಿರುತ್ತದೆ. ಋತುಬಂಧದ ನಂತರ ಈಸ್ಟ್ರೋಜನ್ ಇಳಿಯುವುದರಿಂದ ಮಹಿಳೆಯರಿಗೆ ನಷ್ಟ ಇನ್ನೂ ಹೆಚ್ಚು. ಇದೇ ಗ್ರಂಥಿಗಳ ಕಾಯಿಲೆಗಳ ಬಗ್ಗೆಯೂ ದೀರ್ಘಕಾಲ ದುಡಿದ ಡಾ. ಗೋಸ್ವಾಮಿ ಅವರಿಗೆ 2008ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸಂದಿತು.

ದೆಹಲಿಯ ಹೊಗೆಯ ಪಾತ್ರವೂ ಇದೆ. 2002ರಲ್ಲಿ ಪ್ರಕಟವಾದ ಮತ್ತೊಂದು ತಂಡದ ಅಧ್ಯಯನದಂತೆ, ಹೊಗೆ ದಟ್ಟವಾಗಿದ್ದ ಮೋರಿ ಗೇಟ್‌ನ ಎಳೆಮಕ್ಕಳಲ್ಲಿ ವಿಟಮಿನ್ 'ಡಿ' ಸರಾಸರಿ 12.4 ನ್ಯಾನೋಗ್ರಾಂ ಇದ್ದರೆ, ಆಗ ಹೊಗೆ ಕಡಿಮೆಯಿದ್ದ ಗುರುಗಾಂವ್ ಕಡೆಯ ಮಕ್ಕಳಲ್ಲಿ 27.1 ಇತ್ತು. ಡಾ. ಆರ್.ಕೆ. ಮರ್ವಾಹ ಅವರ ತಂಡ 2005ರಲ್ಲಿ ದೆಹಲಿಯ 5 ಸಾವಿರಕ್ಕೂ ಹೆಚ್ಚು ಶಾಲಾ ಮಕ್ಕಳ ವರದಿ ಪ್ರಕಟಿಸಿತು. ಬಡವರ ಮಕ್ಕಳಲ್ಲಷ್ಟೇ ಅಲ್ಲ, ಉಳ್ಳವರ ಮಕ್ಕಳಲ್ಲೂ ಕೊರತೆಯಿತ್ತು.

ಊರಿನಲ್ಲಿ ಹೊಲ, ಅಂಗಳ ಎಂದು ಓಡಾಡಿಕೊಂಡಿದ್ದ ತಾಯಂದಿರನ್ನು ಮಕ್ಕಳು ಪ್ರೀತಿಯಿಂದಲೇ ಇಲ್ಲಿಗೆ ಕರೆತರುತ್ತಾರೆ. ದ್ವಾರಕಾ, ನೋಯ್ಡಾಗಳ ಎಂಟನೇ ಮಹಡಿಯಲ್ಲಿ ಆ ಜೀವಕ್ಕೆ ಸಿಗುವುದು ಗಾಜಿನಾಚೆಯ ಬಿಸಿಲು. ಚರ್ಮಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಎಳೆಬಿಸಿಲೂ ಸಾಲದು. ತಿರುಪತಿಯಲ್ಲಿ ಸಂಶೋಧನೆ ನಡೆಸಿದ ಡಾ. ಸಿ.ವಿ. ಹರಿನಾರಾಯಣ ಅವರ ಪ್ರಕಾರ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರವರೆಗಿನ ಬಿಸಿಲೇ ಫಲಕಾರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂದು ನಾವು ಹೆಮ್ಮೆಪಡುತ್ತೇವೆ, ಸರಿ. ಆದರೆ ಬಿಸಿಲು ಕಾಣದ ದೇಹಕ್ಕೆ ಮುದ್ದೆಯ ಪೂರ್ಣ ಫಲ ದಕ್ಕದು.

'ಮಾತ್ರೆ ನುಂಗಿದರಾಯಿತು' ಎನ್ನುವವರಿದ್ದಾರೆ. ಡಾ. ಗೋಸ್ವಾಮಿ ತಂಡ ವಾರಕ್ಕೊಮ್ಮೆ 60,000 ಯೂನಿಟ್‌ನಂತೆ 8 ವಾರ ಕೊಟ್ಟು ನೋಡಿತು. ಮಟ್ಟ ಏರಿತು, ವರ್ಷದೊಳಗೆ ಮತ್ತೆ ಕುಸಿಯಿತು. ಹಾಗೆಂದು ವಾರದ ಮಾತ್ರೆಯನ್ನು ದಿನವೂ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಮೂತ್ರಪಿಂಡಕ್ಕೇ ಅಪಾಯ. ವೈದ್ಯರ ಸಲಹೆ ಬೇಕೇ ಬೇಕು.

ರಾಜಧಾನಿ ವಲಯದ ಕನ್ನಡ ಸಂಘಗಳ ಕಾರ್ಯಕ್ರಮಗಳು ಹೆಚ್ಚಾಗಿ ಸಂಜೆ, ಸಭಾಂಗಣದೊಳಗೆ ನಡೆಯುತ್ತವೆ. ಚಳಿಗಾಲದ ಒಂದೆರಡು ಭಾನುವಾರವಾದರೂ ಮಧ್ಯಾಹ್ನದ ಹೊತ್ತಿಗೆ ಬಯಲಿನಲ್ಲಿ ಹಿರಿಯರ ಕೂಟ ಏರ್ಪಡಿಸಿದರೆ ಖರ್ಚೇನೂ ಹೆಚ್ಚದು. ಹೊಗೆಮಂಜು ಕವಿದ ದಿನ ಮುಂದೂಡಿದರಾಯಿತು. ಆರೋಗ್ಯ ಶಿಬಿರದಲ್ಲಿ ಸಕ್ಕರೆ, ರಕ್ತದೊತ್ತಡದ ಜೊತೆಗೆ ಮೂಳೆಯ ಬಗ್ಗೆ ಕನ್ನಡದಲ್ಲೇ ತಿಳಿಹೇಳುವ ವೈದ್ಯರೊಬ್ಬರನ್ನು ಕರೆಸಬೇಕು. ಹಿಂದಿ ಬಾರದ ಅಜ್ಜಿಗೆ ಆಸ್ಪತ್ರೆಯಲ್ಲಿ ಕೇಳಲಾಗದ ಪ್ರಶ್ನೆಗಳು ಅಲ್ಲಿ ಹೊರಬರುತ್ತವೆ. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ನೋಡಲು ಹೋಗುವುದಕ್ಕಿಂತ, ಬೀಳುವ ಮುನ್ನ ಬಿಸಿಲಿಗೆ ಕರೆದೊಯ್ಯುವುದು ಸಂಘದ ಕೈಲಾಗುವ ಕೆಲಸ.