ಖಾಲಿ ದಾರಿ ಯಾರದು?

ವಾರಾಂತ್ಯಗಳಲ್ಲಿ ಬೇ ಏರಿಯಾದ ಕನ್ನಡಿಗರು ಕಾರಿಗೆ ಸೈಕಲ್ ಕಟ್ಟಿಕೊಂಡು ಸೊನೋಮಾ, ನಾಪಾ ಬೆಟ್ಟಗಳತ್ತ ಹೊರಡುತ್ತಾರೆ. ವಾಹನಗಳಿಲ್ಲದ ಜಲ್ಲಿದಾರಿ, ಇಕ್ಕೆಲಗಳಲ್ಲಿ ದ್ರಾಕ್ಷಿತೋಟ. ‘ಎಷ್ಟು ನಿರ್ಜನ!’ ಎಂಬುದೇ ಎಲ್ಲರ ಮೆಚ್ಚುಗೆ. ಆ ಮೆಚ್ಚುಗೆಯಲ್ಲೇ ಒಂದು ಕುರುಡುತನವಿದೆ.

ಆ ಬೆಟ್ಟಗಳು ಎಂದೂ ನಿರ್ಜನವಾಗಿರಲಿಲ್ಲ. ಅವು ವಾಪ್ಪೊ, ಪೋಮೊ, ಕೋಸ್ಟ್ ಮಿವೊಕ್ ಜನರ ನೆಲ. ಸೊನೋಮಾದ ಬ್ಯೂನಾ ವಿಸ್ಟಾದಲ್ಲಿ ಬೆಟ್ಟ ಕೊರೆದು ವೈನ್ ನೆಲಮಾಳಿಗೆಗಳನ್ನು ನಿರ್ಮಿಸಿದವರು ಚೀನೀ ಕಾರ್ಮಿಕರು. 1882ರ ಕಾಯಿದೆ ಅಂಥವರಿಗೇ ದೇಶದ ಬಾಗಿಲು ಮುಚ್ಚಿತು. ಇಂದು ಕೊಯ್ಲಿನ ಕೈಗಳು ಬಹುಪಾಲು ಮೆಕ್ಸಿಕೋ ಮೂಲದವು. ಹಲವೆಡೆ ಕೊಯ್ಲು ನಡೆಯುವುದು ರಾತ್ರಿಯಲ್ಲಿ. ಸವಾರ ಬರುವ ಹೊತ್ತಿಗೆ ದಾರಿ ಖಾಲಿ. 2020ರ ಕಾಳ್ಗಿಚ್ಚಿನಲ್ಲಿ ನಿವಾಸಿಗಳನ್ನು ತೆರವುಗೊಳಿಸಿದ ಪ್ರದೇಶದೊಳಕ್ಕೆ ಕೊಯ್ಲಿಗೆಂದು ಕಾರ್ಮಿಕರನ್ನು ಬಿಡಲು ಸೊನೋಮಾ ಕೌಂಟಿಯೇ ಪರವಾನಗಿ ನೀಡಿತ್ತು. ಊರು ತೊರೆದವರಿಗೆ ವಿಷವಾದ ಹೊಗೆ ಕೊಯ್ಯುವವರಿಗೆ ಬರಿಯ ಹವಾಮಾನವೇ?

ಸೈಕಲ್ ತುಳಿಯುವುದು ತಪ್ಪಲ್ಲ. ವಲೇಹೊದಿಂದ ಕ್ಯಾಲಿಸ್ಟೋಗಾವರೆಗಿನ 47 ಮೈಲಿಗಳ ನಾಪಾ ವ್ಯಾಲಿ ವೈನ್ ಟ್ರೇಲ್ ಯೋಜನೆಯೂ ಸ್ವಾಗತಾರ್ಹವೇ. ಆದರೆ ಸುರಕ್ಷಿತ ದಾರಿ, ಶುದ್ಧ ಗಾಳಿ ವಿಹಾರಿಯ ಸೌಕರ್ಯವಾಗಿಯೇ ಉಳಿಯಬೇಕೆ?

ಎಚ್-1ಬಿ ಕನ್ನಡಿಗನಿಗೂ ಎಚ್-2ಎ ಕೂಲಿಗೂ ಮಾಲೀಕನ ಅರ್ಜಿಯಿಲ್ಲದೆ ವೀಸಾ ಇಲ್ಲ. ಈ ನಂಟನ್ನು ಸಂಬಳದ ಅಂತರ ಮರೆಮಾಚುತ್ತದೆ. 1965ರಲ್ಲಿ ಡೆಲಾನೊದಲ್ಲಿ ಫಿಲಿಪಿನೋ ಕಾರ್ಮಿಕರು ಆರಂಭಿಸಿ ಮೆಕ್ಸಿಕನ್ನರು ಕೈಜೋಡಿಸಿದ ಮುಷ್ಕರ 1970ರಲ್ಲಿ ಗೆದ್ದದ್ದು, ದೂರದ ನಗರಗಳ ಗ್ರಾಹಕರೂ ದ್ರಾಕ್ಷಿಯನ್ನು ಬಹಿಷ್ಕರಿಸಿದ್ದರಿಂದ. ಇಂದು ವೈನ್ ಸವಿಯುವ ಮೇಜಿನ ಬಳಿ ತಳಿ, ವರ್ಷ ವಿಚಾರಿಸುವ ನಾಲಗೆಗೆ ಹೊಗೆಯ ದಿನಗಳ ಕೂಲಿ ಎಷ್ಟೆಂದು ಕೇಳುವ ಶಕ್ತಿಯೂ ಇದೆ. ಕೇಳಬೇಕಷ್ಟೆ.