ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ

ಪರೀಕ್ಷೆ ಬರೆಯಲು ಏನೇನು ಬೇಕು? ಪುಸ್ತಕ, ಪೆನ್ನು, ಹಾಲ್ ಟಿಕೆಟ್, ಸ್ವಲ್ಪ ಧೈರ್ಯ. ನಮ್ಮ ಕಾಲದಲ್ಲಿ ಪಟ್ಟಿ ಇಷ್ಟಕ್ಕೇ ಮುಗಿಯುತ್ತಿತ್ತು. 2020ರಲ್ಲಿ ಕೊರೊನಾ ಬಂದ ಮೇಲೆ ಆ ಪಟ್ಟಿಗೆ ಇನ್ನೊಂದು ವಸ್ತು ಸೇರಿಕೊಂಡಿತು. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ಮುಂಬಯಿಯಲ್ಲಿ ಇರುವವರಿಗೆ ಇದು ಎಷ್ಟು ದೊಡ್ಡ ಮಾತೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ಎರಡು ವರ್ಷ ಶಾಲೆಯ ಮಕ್ಕಳ ಬಗ್ಗೆ, ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯವರ ಬಗ್ಗೆ ಎಲ್ಲರೂ ಮಾತಾಡಿದರು. ಪದವಿ ಮುಗಿಸಿ ಮುಂದೆ ಓದಬೇಕೆಂದು ಕೂತಿದ್ದ ಇಪ್ಪತ್ತೊಂದು, ಇಪ್ಪತ್ತೆರಡು ವರ್ಷದವರ ಬಗ್ಗೆ ಅಷ್ಟು ಮಾತು ಬರಲಿಲ್ಲ. ದೊಡ್ಡವರಾಗಿದ್ದಾರೆ, ಹೇಗೋ ಸುಧಾರಿಸಿಕೊಳ್ಳುತ್ತಾರೆ ಎಂದು ನಾವೆಲ್ಲ ಅಂದುಕೊಂಡೆವು. ಆದರೆ ಮನೆಗೆ ಒಂದು ಸಂಬಳ ತರಬೇಕಾದ ವಯಸ್ಸೂ ಅದೇ, ‘ಇನ್ನೆರಡು ವರ್ಷ ಓದಲಾ?’ ಎಂದು ಅಪ್ಪನನ್ನು ಕೇಳಲು ಹಿಂಜರಿಯುವ ವಯಸ್ಸೂ ಅದೇ.

ನನ್ನ ತಂಗಿಯ ಮಗಳು ಆ ವರ್ಷದ ಇಂಜಿನಿಯರಿಂಗ್ ಕೊನೆಯ ವರ್ಷದವಳು. ಡೊಂಬಿವಲಿಯಲ್ಲಿ ರೂಮ್-ಕಿಚನ್ ಮನೆ. ಅಜ್ಜಿ, ಅಪ್ಪ, ಅಮ್ಮ, ಒಂಬತ್ತನೆಯ ತರಗತಿಯ ತಮ್ಮ ಮತ್ತು ಅವಳು, ಒಟ್ಟು ಐದು ಜನ. ಅಪ್ಪ ಫೋರ್ಟಿನ ಒಂದು ಹೊಟೇಲಿನಲ್ಲಿ ಗಲ್ಲೆಯಲ್ಲಿ ಕೂರುವವರು. ಮಾರ್ಚ್ 22ರ ಮಧ್ಯರಾತ್ರಿ ಲೋಕಲ್ ರೈಲು ನಿಂತಿತು, ಹೊಟೇಲಿಗೂ ಬೀಗ ಬಿತ್ತು. ಬೆಳಿಗ್ಗೆ ಆರಕ್ಕೆ ಹೋಗಿ ರಾತ್ರಿ ಹನ್ನೊಂದಕ್ಕೆ ಬರುತ್ತಿದ್ದ ಮನುಷ್ಯ ಇಡೀ ದಿನ ಮನೆಯಲ್ಲಿ. ನಮ್ಮ ಇಂಥ ಮನೆಗಳು ಐದು ಜನ ಒಟ್ಟಿಗೆ ಮಲಗಲಿಕ್ಕೆ ಸಾಕು, ಐದು ಜನ ಒಟ್ಟಿಗೆ ಎಚ್ಚರ ಇರಲಿಕ್ಕೆ ಸಾಲದು. ಅಲ್ಲಿಯವರೆಗೆ ನಮಗೆ ಅದು ಗೊತ್ತೇ ಆಗಿರಲಿಲ್ಲ, ಯಾಕೆಂದರೆ ಯಾರಾದರೂ ಒಬ್ಬರು ಯಾವಾಗಲೂ ರೈಲಿನಲ್ಲಿ ಇರುತ್ತಿದ್ದರು.

ಮೊದಲ ಗೊಂದಲ ಪದವಿಯ ಕೊನೆಯ ಪರೀಕ್ಷೆಯದೇ. ಮಹಾರಾಷ್ಟ್ರ ಸರಕಾರ ಪರೀಕ್ಷೆ ಬೇಡ ಎಂದಿತು. ಜುಲೈ 6ರಂದು ಯುಜಿಸಿ, ಸೆಪ್ಟೆಂಬರ್ ಮುಗಿಯುವುದರೊಳಗೆ ನಡೆಸಲೇಬೇಕು ಎಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆಗಸ್ಟ್ 28ರ ತೀರ್ಪು: ಪರೀಕ್ಷೆಯಿಲ್ಲದೆ ಪದವಿ ಇಲ್ಲ, ಬೇಕಾದರೆ ರಾಜ್ಯಗಳು ಯುಜಿಸಿಯಿಂದ ಹೆಚ್ಚು ಸಮಯ ಕೇಳಬಹುದು. ಈ ಮೂರು ತಿಂಗಳು ನಮ್ಮ ಹುಡುಗಿ ಪುಸ್ತಕ ಮುಚ್ಚಬೇಕೋ ತೆರೆಯಬೇಕೋ ತಿಳಿಯದೆ ಕೂತಿದ್ದಳು. ಕ್ಯಾಂಪಸ್ಸಿನಲ್ಲಿ ಸಿಕ್ಕಿದ್ದ ಕೆಲಸದ ಪತ್ರ ಮೊದಲು ಮುಂದಕ್ಕೆ ಹೋಯಿತು, ಆಮೇಲೆ ಸದ್ದಿಲ್ಲದೆ ರದ್ದಾಯಿತು. ಕೊನೆಗೆ ಪರೀಕ್ಷೆ ಮನೆಯಲ್ಲೇ ಆನ್‌ಲೈನ್. ಆ ಹೊತ್ತಿಗೆ ತಂಗಿ ಕುಕ್ಕರ್ ಇಡಲಿಲ್ಲ. ಅಜ್ಜಿಯನ್ನು ಗ್ಯಾಲರಿಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ತಮ್ಮನ ಆನ್‌ಲೈನ್ ಕ್ಲಾಸಿಗೆ ಆ ದಿನ ರಜೆ, ಯಾಕೆಂದರೆ ಮನೆಯಲ್ಲಿ ಇದ್ದ ಡೇಟಾ ಒಬ್ಬರಿಗೇ ಸಾಕಾಗುವಷ್ಟು.

ಆಗ ಅವಳು ಗೇಟ್ ಬರೆಯುತ್ತೇನೆ ಎಂದಳು. ಲೆಕ್ಕ ಸರಳವಾಗಿತ್ತು. ಗೇಟ್‌ನಲ್ಲಿ ಪಾಸಾಗಿ ಸರಕಾರದ ಸಂಸ್ಥೆಯಲ್ಲಿ ಎಂ.ಟೆಕ್. ಸೀಟು ಸಿಕ್ಕಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ. ಅಂದರೆ ಓದು ಮನೆಗೆ ಭಾರವಲ್ಲ. ಒಮ್ಮೆ ಬಂದ ಸ್ಕೋರು ಮೂರು ವರ್ಷ ನಡೆಯುತ್ತದೆ ಎಂಬುದು ಇನ್ನೊಂದು ಧೈರ್ಯ. 2021ರ ಗೇಟ್ ನಡೆಸುವ ಸರದಿ ನಮ್ಮ ಪೊವಾಯಿಯ ಐಐಟಿಯದಾಗಿತ್ತು. ಫೆಬ್ರವರಿ 6, 7, 13, 14 ಎಂದು ದಿನಾಂಕ ಹಾಕಿದರು.

ಓದುವುದು ಎಲ್ಲಿ? ಡೊಂಬಿವಲಿ, ಠಾಣೆ ಕಡೆಯವರಿಗೆ ‘ಅಭ್ಯಾಸಿಕೆ’ ಗೊತ್ತು. ನಗರಪಾಲಿಕೆಯವರು, ಗಣೇಶೋತ್ಸವ ಮಂಡಳದವರು ನಡೆಸುವ ಓದುವ ಕೋಣೆ. ಉದ್ದ ಮೇಜು, ಟ್ಯೂಬ್‌ಲೈಟು, ಫ್ಯಾನು, ಯಾರೂ ಮಾತಾಡಬಾರದೆಂಬ ಬೋರ್ಡು. ಮನೆಯಲ್ಲಿ ಜಾಗವಿಲ್ಲದ ಎಷ್ಟೋ ಮಕ್ಕಳು ಸಿ.ಎ. ಆದದ್ದು, ಎಂಪಿಎಸ್‌ಸಿ ಪಾಸಾದದ್ದು ಆ ಮೇಜುಗಳ ಮೇಲೆ. ತಿಂಗಳುಗಟ್ಟಲೆ ಅವೂ ಮುಚ್ಚಿದ್ದವು. ನಮ್ಮ ಹುಡುಗಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಚಾಪೆ ಹಾಸಿ ಕೂತಳು. ಮಾಕ್ ಟೆಸ್ಟ್ ರಾತ್ರಿ ಹನ್ನೊಂದರಿಂದ ಎರಡರವರೆಗೆ. ಅಕ್ಟೋಬರಿನಲ್ಲಿ ಹೊಟೇಲುಗಳಿಗೆ ಅರ್ಧ ಗಿರಾಕಿಗಳ ಲೆಕ್ಕದಲ್ಲಿ ಬಾಗಿಲು ತೆರೆಯಲು ಅನುಮತಿ ಸಿಕ್ಕಿತು. ಅವಳಪ್ಪನಿಗೆ ರೈಲು ಹತ್ತಲು ಮಾತ್ರ ಅನುಮತಿ ಇಲ್ಲ. ಹಾಗಾಗಿ ಅವರು ಹೊಟೇಲಿನ ಮಾಳಿಗೆಯಲ್ಲೇ ಮಲಗತೊಡಗಿದರು. ‘ಒಂದು ಚಾಪೆಯ ಜಾಗ ಆಯಿತು’ ಎಂದು ಅವರೇ ಫೋನಿನಲ್ಲಿ ನಕ್ಕರು. ತಂಗಿಗೆ ನಗು ಬರಲಿಲ್ಲ.

ಅದೇ ಕಾಲಕ್ಕೆ ನಮ್ಮ ಕಟ್ಟಡದ ಮೇಲಿನ ಮಹಡಿಯ ಹುಡುಗ ಅಮೆರಿಕದಲ್ಲಿ ಎಂ.ಎಸ್. ಮಾಡಲೆಂದು ಮನೆಯಿಂದಲೇ ಜಿಆರ್‌ಇ ಬರೆದ. ಪರೀಕ್ಷಾ ಕೇಂದ್ರಗಳು ಮುಚ್ಚಿದ್ದರಿಂದ 2020ರ ಮಾರ್ಚ್‌ನಲ್ಲೇ ಅವರು ಈ ವ್ಯವಸ್ಥೆ ತಂದಿದ್ದರು. ನಿಯಮಗಳನ್ನು ಅವನಮ್ಮ ನನಗೆ ವಿವರಿಸಿದರು. ಕೋಣೆಯಲ್ಲಿ ಒಬ್ಬನೇ ಇರಬೇಕು, ಬಾಗಿಲು ಮುಚ್ಚಿರಬೇಕು, ಆ ಬಾಗಿಲು ಕ್ಯಾಮರಾಕ್ಕೆ ಕಾಣಬೇಕು. ಶುರುವಿಗೆ ಮುಂಚೆ ಕ್ಯಾಮರಾ ತಿರುಗಿಸಿ ನಾಲ್ಕೂ ಗೋಡೆ ತೋರಿಸಬೇಕು. ಕನ್ನಡಿ ಹಿಡಿದು ಲ್ಯಾಪ್‌ಟಾಪಿನ ಪರದೆಯನ್ನೂ ತೋರಿಸಬೇಕು. ಸಾದಾ ಕಾಗದ ಇಟ್ಟುಕೊಳ್ಳುವಂತಿಲ್ಲ, ಒರೆಸಬಹುದಾದ ಸಣ್ಣ ಬಿಳಿ ಹಲಗೆ ಇಟ್ಟುಕೊಳ್ಳಬಹುದು. ಆಗ ಅದು ಮೂರೂ ಮುಕ್ಕಾಲು ಗಂಟೆಯ ಪರೀಕ್ಷೆ. ಅವರದು ಎರಡು ಬೆಡ್‌ರೂಮಿನ ಮನೆ, ನಿಭಾಯಿಸಿದರು. ‘ಎಷ್ಟು ಅನುಕೂಲ ನೋಡಿ, ಚಪ್ಪಲಿ ಕೂಡ ಹಾಕಬೇಕಾಗಿಲ್ಲ’ ಎಂದರು. ಅವರ ಮಾತು ನಿಜ. ನಾನು ಮನಸ್ಸಿನಲ್ಲೇ ನನ್ನ ತಂಗಿಯ ಮನೆಯ ನಾಲ್ಕು ಗೋಡೆ ಆ ಕ್ಯಾಮರಾಕ್ಕೆ ತೋರಿಸಿದೆ. ಒಂದು ಗೋಡೆಗೆ ಅಜ್ಜಿಯ ಮಂಚ, ಇನ್ನೊಂದಕ್ಕೆ ಗ್ಯಾಸಿನ ಕಟ್ಟೆ. ಮೂರನೆಯದರಲ್ಲಿ ನೀರು ಬರುವ ಹೊತ್ತಿಗೆ ತೆರೆದೇ ಇಡಬೇಕಾದ ಬಾಗಿಲು.

ಮನೆಯಿಂದ ಬರೆಯುವ ಪರೀಕ್ಷೆ ನಮ್ಮ ದೇಶದಲ್ಲಿ ಕೋರ್ಟಿನವರೆಗೂ ಹೋಯಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 2020ರ ಸೆಪ್ಟೆಂಬರಿನಲ್ಲಿ ಎಲ್ಲರ ಜೊತೆಗಿನ ಕ್ಲಾಟ್ ಬಿಟ್ಟು ತನ್ನದೇ ಪ್ರವೇಶ ಪರೀಕ್ಷೆಯನ್ನು ಮನೆಯಿಂದ ಬರೆಯುವಂತೆ ನಡೆಸಿತು. ಅದರಲ್ಲಿ ಸ್ನಾತಕೋತ್ತರ ಪ್ರವೇಶವೂ ಇತ್ತು. ಸೆಪ್ಟೆಂಬರ್ 21ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಕ್ಲಾಟ್ ಮೂಲಕವೇ ಸೀಟು ಕೊಡಿ ಎಂದಿತು. ಶಾಲೆಗೆ ತನ್ನ ಕಾರಣಗಳಿದ್ದವು, ವರ್ಷ ಕೈತಪ್ಪಿ ಹೋಗುತ್ತಿದೆ ಎಂಬ ಆತಂಕ ಅದಕ್ಕೂ ಇತ್ತು. ನನಗೆ ಉಳಿದದ್ದು ಒಂದೇ ಪ್ರಶ್ನೆ. ಮನೆಯನ್ನೇ ಪರೀಕ್ಷಾ ಕೇಂದ್ರ ಮಾಡಿದಾಗ ನಾವು ಅಳೆಯುವುದು ಹುಡುಗನ ತಲೆಯನ್ನೋ, ಅವನ ಮನೆಯನ್ನೋ?

‘ಸರಿ, ಮುಂದೆ ಹಾಕಿ’ ಎಂಬ ಕೂಗೂ ಇತ್ತು. ಮುಂದೆ ಹಾಕುವುದರಿಂದ ಎಲ್ಲರಿಗೂ ಒಂದೇ ಥರ ಒಳ್ಳೆಯದಾಗುತ್ತದೆ ಎಂದು ನಾನು ನಂಬುವುದಿಲ್ಲ. ವೈದ್ಯರ ನೀಟ್ ಪಿಜಿ ನೋಡಿ. 2021ರ ಏಪ್ರಿಲ್ 18ಕ್ಕೆ ಇದ್ದದ್ದು ಎರಡನೆಯ ಅಲೆಯಿಂದಾಗಿ ಮುಂದೆ ಹೋಗಿ ಸೆಪ್ಟೆಂಬರ್ 11ಕ್ಕೆ ನಡೆಯಿತು. ಆಮೇಲೆ ಮೀಸಲಾತಿಯ ವ್ಯಾಜ್ಯ ಬಂದು ಕೌನ್ಸೆಲಿಂಗ್ ಶುರುವಾದದ್ದು 2022ರ ಜನವರಿ 12ಕ್ಕೆ. ಹೊಸಬರು ಬರಲಿಲ್ಲವೆಂದು ಆಸ್ಪತ್ರೆಗಳಲ್ಲಿ ಇದ್ದ ಕಿರಿಯ ವೈದ್ಯರೇ ಅವರ ಪಾಳಿಯನ್ನೂ ಹೊತ್ತರು. ಡಿಸೆಂಬರಿನಲ್ಲಿ ದೆಹಲಿಯಲ್ಲಿ ಅವರು ಬೀದಿಗಿಳಿದದ್ದು ಇದಕ್ಕೇ. ರೋಗ ಆ ಮಟ್ಟದಲ್ಲಿದ್ದಾಗ ಏಪ್ರಿಲಿನಲ್ಲಿ ಪರೀಕ್ಷೆ ಮುಂದೆ ಹಾಕದೆ ವಿಧಿಯಿರಲಿಲ್ಲ, ಒಪ್ಪುತ್ತೇನೆ. ಆದರೆ ಮುಂದೆ ಹಾಕಿದ ಪ್ರತಿ ತಿಂಗಳೂ ಸ್ವಂತ ಕೋಣೆ ಇದ್ದವನಿಗೆ ಇನ್ನೊಂದು ಸುತ್ತು ಪುನರಾವರ್ತನೆ, ಇಲ್ಲದವನಿಗೆ ಇನ್ನೊಂದು ತಿಂಗಳು ಅಡುಗೆಮನೆಯ ಚಾಪೆ.

ಆದ್ದರಿಂದ, ಹೇಳಿದ ದಿನಕ್ಕೆ ಹೇಗಾದರೂ ನಡೆಸಿದವರ ಬಗ್ಗೆ ನನಗೆ ಗೌರವ ಇದೆ. ಐಐಎಂಗಳ ಕ್ಯಾಟ್ ನವೆಂಬರ್ 29ಕ್ಕೆ ನಡೆಯಿತು. ಮೂರು ಗಂಟೆಯ ಪರೀಕ್ಷೆಯನ್ನು ಎರಡು ಗಂಟೆಗೆ ಇಳಿಸಿ, ಎರಡರ ಬದಲು ಮೂರು ಪಾಳಿ ಮಾಡಿದರು. ಗೇಟ್ ಕೂಡ ಹೇಳಿದ ದಿನಕ್ಕೇ ನಡೆಯಿತು.

ನಮ್ಮ ಹುಡುಗಿಗೆ ಸಿಕ್ಕಿದ್ದು ಶನಿವಾರದ ಮಧ್ಯಾಹ್ನದ ಪಾಳಿ, ಮೂರರಿಂದ ಆರು. ಕೇಂದ್ರ ಪೊವಾಯಿ ಕಡೆ. ಫೆಬ್ರವರಿ 1ರಿಂದಷ್ಟೇ ಲೋಕಲ್ ರೈಲು ಎಲ್ಲರಿಗೂ ತೆರೆದಿತ್ತು, ಅದೂ ಬೆಳಿಗ್ಗೆ ಏಳರ ಮೊದಲು, ಹನ್ನೆರಡರಿಂದ ನಾಲ್ಕು, ರಾತ್ರಿ ಒಂಬತ್ತರ ನಂತರ. ಹೋಗುವುದಕ್ಕೆ ತೊಂದರೆ ಇಲ್ಲ. ಆರಕ್ಕೆ ಪರೀಕ್ಷೆ ಬಿಟ್ಟ ಮೇಲೆ ಒಂಬತ್ತರವರೆಗೆ ಏನು ಮಾಡುವುದು? ಹಾಲ್ ಟಿಕೆಟ್ ತೋರಿಸಿದರೆ ಬಿಡುತ್ತಾರೆ ಎಂದು ಕೆಲವರು, ಬಿಡುವುದಿಲ್ಲ ಎಂದು ಕೆಲವರು. ಅವಳಪ್ಪ ಜೊತೆಗೆ ಹೋದರು. ಕಾಂಜೂರ್‌ಮಾರ್ಗದಲ್ಲಿ ಅವರ ಗುರ್ತದ ಊರಿನವರ ಒಂದು ಹೊಟೇಲು. ಅಪ್ಪ ಮಗಳಿಗೆ ಮೂಲೆಯ ಮೇಜು ಬಿಟ್ಟುಕೊಟ್ಟು, ಒಂಬತ್ತರವರೆಗೆ ಯಾರೂ ‘ಇನ್ನೇನು ಬೇಕು?’ ಎಂದು ಕೇಳಲಿಲ್ಲವಂತೆ. ಅವಳು ನೆನಪಿದ್ದ ಪ್ರಶ್ನೆಗಳನ್ನೆಲ್ಲ ಬಿಲ್‌ಬುಕ್ಕಿನ ಹಾಳೆಗಳ ಹಿಂದೆ ಬರೆದು ಲೆಕ್ಕ ಹಾಕಿದಳಂತೆ.

ಮರುದಿನ ನನಗೆ ಫೋನ್ ಮಾಡಿದಳು. ಪೇಪರ್ ಹೇಗಿತ್ತು ಎಂದು ಕೇಳಿದೆ. ಅವಳು ಹೇಳಿದ್ದು ಬೇರೆಯೇ. “ದೊಡ್ಡಮ್ಮ, ಮೂರು ಗಂಟೆ ಯಾರೂ ನನ್ನನ್ನು ಕರೀಲಿಲ್ಲ. ಒಂದು ಕುರ್ಚಿ, ಒಂದು ಕಂಪ್ಯೂಟರು, ತಲೆ ಮೇಲೆ ಫ್ಯಾನು. ಎಲ್ಲರಿಗೂ ಒಂದೇ ನಮೂನೆ. ಎಷ್ಟು ಖುಷಿ ಆಯ್ತು ಗೊತ್ತುಂಟಾ?”

ಮಾಸ್ಕು, ಸ್ಯಾನಿಟೈಸರ್, ಕಾಯಿಲೆಯ ಭಯ ಎಲ್ಲದರ ನಡುವೆ ನಮ್ಮ ಹುಡುಗಿಗೆ ಪರೀಕ್ಷಾ ಹಾಲ್ ವಿಶ್ರಾಂತಿಯ ಜಾಗ ಆಗಿತ್ತು. ಈ ಮಾತು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಸ್ಕೋರು ಬಂತು. ಮೇ ತಿಂಗಳಲ್ಲಿ ಒಂದು ಆನ್‌ಲೈನ್ ಸಂದರ್ಶನ. ಅದನ್ನು ಅವಳು ಕೊಟ್ಟದ್ದು ಪಕ್ಕದ ಮನೆಯಲ್ಲಿ. ಅಲ್ಲಿಯ ಮರಾಠಿ ಕಾಕು ರತ್ನಾಗಿರಿಯ ಊರಿಗೆ ಹೋಗುವಾಗ ತುಳಸಿಗೆ ನೀರು ಹಾಕಲೆಂದು ಬೀಗದ ಕೈ ಕೊಟ್ಟಿದ್ದರು. ಫೋನಿನಲ್ಲಿ ಅನುಮತಿ ಕೇಳಿದಾಗ ‘ದೀಪವನ್ನೂ ಹಚ್ಚು ಬಾಳ’ ಎಂದರಂತೆ. ಈಗ ಅವಳ ಎಂ.ಟೆಕ್. ಮುಗಿದಿದೆ, ಕೆಲಸದಲ್ಲಿದ್ದಾಳೆ.

ಅವಳ ಜೊತೆಯ ಒಬ್ಬ ಹುಡುಗ, ಅದೇ ಗಲ್ಲಿಯವನು, ಕಾಲೇಜಿನಲ್ಲಿ ಅವಳಿಗಿಂತ ಮುಂದಿದ್ದವನು. ಅರ್ಜಿ ತುಂಬಿ, ಹಣ ಕಟ್ಟಿ, ಪರೀಕ್ಷೆಗೆ ಹೋಗಲಿಲ್ಲ. ಅವನ ಮನೆಯಲ್ಲಿ ಆರು ಜನ. ಆ ಶನಿವಾರ ಅವನು ಪಾರ್ಸೆಲ್ ಚೀಲ ಹೊತ್ತು ಕಲ್ಯಾಣದ ಕಡೆ ಸುತ್ತುತ್ತಿದ್ದ. 2021ರ ಗೇಟ್‌ಗೆ ಅರ್ಜಿ ಹಾಕಿದವರು ಸುಮಾರು 8.8 ಲಕ್ಷ, ಬರೆದವರು ಸುಮಾರು 7.1 ಲಕ್ಷ. ಗೈರು ಪ್ರತಿ ವರ್ಷವೂ ಇರುತ್ತದೆ. ಆ ಸಂಖ್ಯೆಯಲ್ಲಿ ಓದದೆ ಉಳಿದವರು ಎಷ್ಟು, ಓದಲು ಜಾಗವಿಲ್ಲದೆ ಉಳಿದವರು ಎಷ್ಟು ಎಂದು ಯಾವ ಫಲಿತಾಂಶ ಪಟ್ಟಿಯೂ ಹೇಳುವುದಿಲ್ಲ. ಅವನು ಇವತ್ತೂ ಸಿಕ್ಕಿದರೆ ನಗುತ್ತಾನೆ, ‘ಮುಂದಿನ ವರ್ಷ ನೋಡುವ ಆಂಟಿ’ ಎನ್ನುತ್ತಾನೆ. ಮನೆ ಅದೇ, ಜನ ಅಷ್ಟೇ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ನಮ್ಮ ಹಿರಿಯರು ಮುಂಬಯಿಗೆ ಬಂದು ಹಗಲು ಹೊಟೇಲಿನಲ್ಲಿ ಲೋಟ ತೊಳೆದು ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರು. ಅವರಿಗೆ ಮಲಗಲಿಕ್ಕೂ ಸ್ವಂತ ಜಾಗ ಇರಲಿಲ್ಲ, ಓದಲಿಕ್ಕೆ ಮಾತ್ರ ಇತ್ತು. ಸಂಘ ಸಂಸ್ಥೆಗಳು ಚಂದಾ ಎತ್ತಿ, ನಾಟಕ ಆಡಿ, ಆ ದೀಪ ಮತ್ತು ಬೆಂಚು ಒದಗಿಸಿದ್ದವು. ಅಲ್ಲಿ ಕಲಿತು ಬ್ಯಾಂಕು ಸೇರಿದವರು, ವಕೀಲರಾದವರು, ಸ್ವಂತ ಹೊಟೇಲು ಇಟ್ಟವರು ಆಮೇಲೆ ಸಂಘಗಳಿಗೆ ಕಟ್ಟಡ ಕಟ್ಟಿಸಿದರು. ಈಗ ಕಟ್ಟಡ ಇದೆ, ರಾತ್ರಿ ಶಾಲೆಗೆ ಮಕ್ಕಳಿಲ್ಲ.

ಮುಂದಿನ ತಿಂಗಳು ನಮ್ಮ ಸಂಘದ ಮಹಾಸಭೆ. ಮೂರನೆಯ ಮಹಡಿಯಲ್ಲಿ ಖಾಲಿ ಬಿದ್ದ ದೊಡ್ಡ ಕೋಣೆಯನ್ನು ಹವಾನಿಯಂತ್ರಿತ ಪಾರ್ಟಿ ಹಾಲ್ ಮಾಡುವ ಪ್ರಸ್ತಾಪ ಬಂದಿದೆ. ನಾಮಕರಣ, ಸೀಮಂತಕ್ಕೆ ಬಾಡಿಗೆ ಬರುತ್ತದೆ, ಸಂಘಕ್ಕೂ ಆದಾಯ ಬೇಕು, ಕೋಶಾಧಿಕಾರಿಗಳ ಕಷ್ಟ ನನಗೆ ಅರ್ಥವಾಗುತ್ತದೆ. ಕೆಳಗಿನ ಹಾಲ್ ವರ್ಷದಲ್ಲಿ ಎಷ್ಟು ದಿನ ಬಾಡಿಗೆಗೆ ಹೋಗುತ್ತದೆ ಎಂಬ ಲೆಕ್ಕವನ್ನೂ ಅವರು ಸಭೆಯ ಮುಂದೆ ಇಡಬೇಕೆಂದು ನನ್ನ ವಿನಂತಿ.

ನಾನು ಕೇಳುತ್ತಿರುವುದು ಹೆಚ್ಚಿನದಲ್ಲ. ಹನ್ನೆರಡು ಮೇಜು, ಹನ್ನೆರಡು ಕುರ್ಚಿ, ಒಳ್ಳೆಯ ಬೆಳಕು, ಒಂದು ಬ್ರಾಡ್‌ಬ್ಯಾಂಡ್ ಸಂಪರ್ಕ. ಮೂಲೆಯಲ್ಲಿ ಪ್ಲೈವುಡ್ ಹಾಕಿ ಎರಡು ಸಣ್ಣ ಕೋಣೆ, ಒಳಗಿನಿಂದ ಚಿಲಕ ಇರುವ ಬಾಗಿಲು. ಆನ್‌ಲೈನ್ ಸಂದರ್ಶನ ಇದ್ದವರು, ಮನೆಯಿಂದ ಬರೆಯುವ ಪರೀಕ್ಷೆ ಇದ್ದವರು ಮೊದಲೇ ಹೆಸರು ಕೊಟ್ಟು ಕೂರಬಹುದು. ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದು. ಕನ್ನಡದವರ ಮಕ್ಕಳಿಗೆ ಮಾತ್ರ ಎಂಬ ನಿಯಮ ಬೇಡ, ನಮ್ಮ ಹುಡುಗಿಗೆ ಬೀಗದ ಕೈ ಕೊಟ್ಟವರು ಮರಾಠಿಯವರು. ಕೊರೊನಾ ಹೋಯಿತು, ಆನ್‌ಲೈನ್ ಸಂದರ್ಶನ ಹೋಗಲಿಲ್ಲ. ರೂಮ್-ಕಿಚನ್ ಮನೆಗಳೂ ಹೋಗಿಲ್ಲ.

ನಿವೃತ್ತರಾದ ನಾಲ್ಕು ಜನ ಪಾಳಿಯ ಮೇಲೆ ಕೂತು ಕೋಣೆ ನೋಡಿಕೊಳ್ಳಲು ಒಪ್ಪಿದ್ದಾರೆ, ಅವರಲ್ಲಿ ನಾನೂ ಒಬ್ಬಳು. ಮೊದಲ ಮೇಜಿನ ಹಣ ತಂಗಿಯ ಮಗಳು ಕಳಿಸಿದ್ದಾಳೆ. ಠರಾವು ಬರೆದಿಟ್ಟಿದ್ದೇನೆ, ಸೂಚಕಳು ನಾನೇ. ಸದಸ್ಯರಾದ ಓದುಗರಲ್ಲಿ ಯಾರಾದರೂ ಒಬ್ಬರು ಸಭೆಗೆ ಬಂದು ಅನುಮೋದಿಸಬೇಕು.